ಯುಗಾದಿಯಿಂದ ಯುಗಾದಿಗೆ: ಜೀತದ ಹೇಳಿಕೆ ಬರೆದುಕೊಳ್ಳಲು ನಾನು ಕಲಿತದ್ದು

2018ರಲ್ಲಿ ಹಳೆ ಮೈಸೂರು ಭಾಗದ ಒಂದು ತಾಲ್ಲೂಕಿನಲ್ಲಿ ಜೀತದಾಳುಗಳ ಹೇಳಿಕೆ ಬರೆದುಕೊಳ್ಳುವ ಕೆಲಸಕ್ಕೆ ಸೇರಿದಾಗ ನನ್ನ ಚೀಲದಲ್ಲಿ ಎರಡು ಪುಟದ ಪ್ರಶ್ನಾವಳಿ ಇತ್ತು. ಸಮಾಜಶಾಸ್ತ್ರದ ಎಂ.ಎ. ಮುಗಿಸಿ ಬಂದವಳು ನಾನು. ಪ್ರಶ್ನೆಗಳನ್ನು ನಾನೇ ಸಿದ್ಧಪಡಿಸಿದ್ದೆ. ಮೂರನೆಯದು, 'ನೀವು ಜೀತದಾಳಾಗಿ ದುಡಿಯುತ್ತಿದ್ದೀರಾ?' ಹದಿನೇಳು ಜನರನ್ನು ಕೇಳಿದೆ. ಹದಿನೈದು ಮಂದಿ ಇಲ್ಲವೆಂದರು. ಅವರಲ್ಲಿ ಹೆಚ್ಚಿನವರ ಮಾತು ಒಂದೇ: "ಇಲ್ಲ ಮೇಡಂ, ಸಂಬಳಕ್ಕಿದ್ದೇನೆ."

ಹಾಗೆಯೇ ಬರೆದುಕೊಂಡು ಬಂದೆ. ಬಿಡುಗಡೆ ಕೋರಿದ ಅರ್ಜಿಗಳು ವಿಚಾರಣೆಗೆ ಹೋದವು. ವಿಚಾರಣೆ ನಡೆದದ್ದು ಮಾಲೀಕರ ಮನೆಯ ಜಗಲಿಯ ಮೇಲೆ. ಅಧಿಕಾರಿಗೆ ಕುರ್ಚಿ, ಮಾಲೀಕರಿಗೆ ಕುರ್ಚಿ. ಆಳು ಅಂಗಳದಲ್ಲಿ ಕೈಕಟ್ಟಿ ನಿಂತಿದ್ದ. ವರದಿಯಲ್ಲಿ ಒಂದೇ ಸಾಲು ಬಂತು: 'ಸ್ವಇಚ್ಛೆಯಿಂದ ಕೆಲಸ ಮಾಡುತ್ತಿರುವುದಾಗಿ ತಿಳಿಸಿರುತ್ತಾರೆ.' ನನ್ನ ಪ್ರಶ್ನಾವಳಿಯೂ ಅದನ್ನೇ ಹೇಳುತ್ತಿತ್ತು ಎಂಬುದು ಅಂದು ರಾತ್ರಿ ನನ್ನನ್ನು ನಿದ್ದೆ ಮಾಡಗೊಡಲಿಲ್ಲ.

ಜೀತ ಪದ್ಧತಿ ರದ್ದತಿ ಕಾಯ್ದೆ 1976ರದು. ಅದನ್ನು ಮತ್ತೆ ಮೊದಲಿನಿಂದ ಓದಿದೆ. ಆಳು ತಾನು ಜೀತದಾಳೆಂದು ಒಪ್ಪಿಕೊಳ್ಳಬೇಕು ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ತಾನೋ ತನ್ನ ಹಿರಿಯರೋ ಪಡೆದ ಮುಂಗಡಕ್ಕೆ ಪ್ರತಿಯಾಗಿ ಒಬ್ಬ ಮನುಷ್ಯ ಕೂಲಿಯಿಲ್ಲದೆ ಅಥವಾ ನಾಮಮಾತ್ರದ ಕೂಲಿಗೆ ದುಡಿದರೆ, ಅಥವಾ ಬೇರೆ ಕಡೆ ಕೆಲಸಕ್ಕೆ ಹೋಗುವ ಅಥವಾ ಇಷ್ಟ ಬಂದಲ್ಲಿ ಓಡಾಡುವ ಸ್ವಾತಂತ್ರ್ಯ ಕಳೆದುಕೊಂಡರೆ, ಅದು ಜೀತ. ಕನಿಷ್ಠ ವೇತನಕ್ಕಿಂತ ಕಡಿಮೆಯಾದದ್ದು ನಾಮಮಾತ್ರದ ಕೂಲಿ. 15ನೇ ಕಲಮಿನ ಪ್ರಕಾರ, ಇದು ಜೀತದ ಸಾಲ ಎಂದು ಆಳು ಹೇಳಿದರೆ ಅಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಫರೀದಾಬಾದಿನ ಕಲ್ಲುಕ್ವಾರಿ ಕಾರ್ಮಿಕರ ಪ್ರಕರಣದಲ್ಲಿ 1983ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡ ಇದೆಯೆಂದೇ ಭಾವಿಸಬೇಕು ಎಂದಿತು.

ಹಾಗಾದರೆ ನಾನು ಕೇಳಬೇಕಾದದ್ದೇನು? ಇಲ್ಲಿ ನನಗೆ ಒದಗಿದ್ದು ತತ್ತ್ವಶಾಸ್ತ್ರಜ್ಞೆ ಮಿರಾಂಡಾ ಫ್ರಿಕರ್ 2007ರಲ್ಲಿ ವಿವರವಾಗಿ ಮಂಡಿಸಿದ ಒಂದು ವಿಚಾರ. ಅನ್ಯಾಯಕ್ಕೆ ಒಳಗಾದವನ ಮಾತನ್ನು ಅವನ ಸ್ಥಾನಮಾನ ನೋಡಿ ನಂಬದಿರುವುದು ಒಂದು ಬಗೆಯ ಅನ್ಯಾಯ. ತನಗೆ ಆಗುತ್ತಿರುವುದನ್ನು ಹೇಳಲು ಅವನ ಕೈಗೆ ಸರಿಯಾದ ಪದವೇ ಸಿಗದಂತೆ ಸಮಾಜ ಇರುವುದು ಇನ್ನೊಂದು. ಜಗಲಿಯಲ್ಲಿ ನಡೆದದ್ದು ಮೊದಲನೆಯದು. 'ಸಂಬಳ' ಎಂಬ ಪದದೊಳಗೆ ಎರಡನೆಯದಿತ್ತು. 'ಜೀತ' ಎಂದರೆ ಅಪ್ಪನ ಕಾಲದ ಅವಮಾನ. 'ಸಂಬಳ' ಎಂದರೆ ಅಷ್ಟಿಷ್ಟು ಮರ್ಯಾದೆ. ಆ ಮರ್ಯಾದೆಯನ್ನು ಅವನ ಬಾಯಿಂದಲೇ ಕಿತ್ತುಕೊಳ್ಳುವಂತೆ ನಾನು ಪ್ರಶ್ನೆ ಕೇಳುತ್ತಿದ್ದೆ.

ಪ್ರಶ್ನಾವಳಿ ಬಿಟ್ಟೆ. ಒಂದು ನೂರು ಪುಟದ ಪುಸ್ತಕ ಹಿಡಿದು, ಮಾಲೀಕರ ಕಣ್ಣಿಗೆ ಬೀಳದ ಜಾಗದಲ್ಲಿ, ಆಳಿನ ಸ್ವಂತ ಮನೆಯಲ್ಲಿ ಕೂತೆ. ಹೆಂಡತಿಯೂ ಜೊತೆಗಿರಲಿ ಎಂದು ಕೇಳಿಕೊಂಡೆ. ಮೊದಲು ಒಂದು ದಿನದ ಕೆಲಸವನ್ನು ಬರೆಯುತ್ತಿದ್ದೆ. ಕೊಟ್ಟಿಗೆ ಬಾಚುವುದು ಎಷ್ಟು ಹೊತ್ತಿಗೆ, ಹಾಲು ಕರೆಯುವುದು, ಮೇವು ತರುವುದು, ರಾತ್ರಿ ಪಂಪ್‌ಸೆಟ್‌ಗೆ ಕರೆಂಟ್ ಬಂದಾಗ ನೀರು ಕಟ್ಟಲು ಏಳುವುದು ಯಾರು. ಆಮೇಲೆ ಒಂದು ವರ್ಷ. ಕಳೆದ ಯುಗಾದಿಗೆ ಊಟ ಎಲ್ಲಿ, ತಂಗಿಯ ಬಾಣಂತನಕ್ಕೆ ಹೋಗಿ ಬಂದಿರಾ, ಯಾರನ್ನು ಕೇಳಿ ಹೋದಿರಿ.

ಮೂವತ್ತೊಂದು ವರ್ಷದ ಒಬ್ಬರ ಹೇಳಿಕೆ ಬರೆಯಲು ಮೂರು ಸಂಜೆ ಬೇಕಾಯಿತು. ಯುಗಾದಿಯಿಂದ ಯುಗಾದಿಗೆ 24,000 ರೂಪಾಯಿ ಸಂಬಳ, ಎರಡು ಹೊತ್ತು ಊಟ. ಲೆಕ್ಕ ಹಾಕಿದರೆ ದಿನಕ್ಕೆ 66 ರೂಪಾಯಿಯೂ ತುಂಬುವುದಿಲ್ಲ. ಆ ವರ್ಷ ಉದ್ಯೋಗ ಖಾತ್ರಿ ಯೋಜನೆಯ ಕೂಲಿಯೇ 249 ರೂಪಾಯಿ ಇತ್ತು. ಎರಡನೇ ಸಂಜೆ ಅವರ ಹೆಂಡತಿ ಮೆಲ್ಲಗೆ ಹೇಳಿದರು: "ಅಕ್ಕ, ಜ್ವರ ಬಂದು ಮಲಗಿದರೆ ದಿನಕ್ಕೆ ಇನ್ನೂರು ಹಿಡಿಯುತ್ತಾರೆ." ದುಡಿದ ದಿನದ ಬೆಲೆ 66, ತಪ್ಪಿದ ದಿನದ ಬೆಲೆ 200. ಅದು ಮಾಲೀಕರ ಪುಸ್ತಕದಲ್ಲಿ ಸಾಲದ ಲೆಕ್ಕಕ್ಕೆ ಸೇರುತ್ತಿತ್ತು. ಆ ಎರಡು ಅಂಕಿಗಳನ್ನು ಹೇಳಿಕೆಯ ಮೊದಲ ಪುಟಕ್ಕೆ ತಂದೆ.

ಮೂರನೇ ಸಂಜೆ ಶಾಲೆಯ ಬಗ್ಗೆ ಕೇಳಿದೆ. ಇದಕ್ಕೆ ಪ್ರೇರಣೆ ನಾರ್ವೆಯ ಸಮಾಜಶಾಸ್ತ್ರಜ್ಞ ಯೋಹಾನ್ ಗಾಲ್ಟುಂಗ್ 1969ರಲ್ಲಿ ಮಂಡಿಸಿದ ರಚನಾತ್ಮಕ ಹಿಂಸೆಯ ಕಲ್ಪನೆ. ಒಬ್ಬ ಮನುಷ್ಯ ಏನಾಗಬಹುದಿತ್ತು, ಏನಾಗಿದ್ದಾನೆ ಎಂಬುದರ ನಡುವಿನ ಅಂತರಕ್ಕೆ ಕಾರಣವಾದದ್ದನ್ನು ಆತ ಹಿಂಸೆ ಎಂದ. ಇವರು ನಾಲ್ಕನೇ ತರಗತಿಯಲ್ಲಿದ್ದಾಗ ಅಪ್ಪ ಪಡೆದ 3,000 ರೂಪಾಯಿ ಸಾಲಕ್ಕೆ ಎಮ್ಮೆ ಕಾಯಲು ಹೋದವರು. ತರಗತಿಯಲ್ಲಿ ಜೊತೆಗಿದ್ದವರ ಹೆಸರು ಹೇಳಿ ಎಂದೆ. ಒಂಬತ್ತು ಹೆಸರು ಹೇಳಿದರು, ಕೂತಿದ್ದ ಸಾಲಿನ ಕ್ರಮದಲ್ಲಿ. ಒಬ್ಬ ಕೆ.ಎಸ್.ಆರ್.ಟಿ.ಸಿ. ಕಂಡಕ್ಟರ್, ಒಬ್ಬ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ, ಒಬ್ಬ ಅದೇ ಶಾಲೆಯ ಮೇಷ್ಟ್ರು. "ನನಗೆ ಮಗ್ಗಿ ಹದಿನಾರರವರೆಗೆ ಬರುತ್ತಿತ್ತು" ಎಂದು ಹೇಳಿ ಸುಮ್ಮನಾದರು. ನಾನು ಪೆನ್ನು ಕೆಳಗಿಟ್ಟೆ.

ಈ ಸಿದ್ಧಾಂತದ ಮಿತಿಯೂ ನನಗೆ ಅಲ್ಲಿಯೇ ತಿಳಿಯಿತು. ಸಮಾಜದ ರಚನೆಯೇ ಹಿಂಸೆ ಮಾಡಿತು ಎಂದರೆ ಆರೋಪಿಯೇ ಇರುವುದಿಲ್ಲ. ಕಾನೂನಿಗೆ ಹೆಸರು, ಮೊತ್ತ, ಕೆಲಸದ ದಿನಗಳು ಬೇಕು. ಆ ಮಾಲೀಕರು ಎರಡೂವರೆ ಎಕರೆಯವರು, ಸ್ವತಃ ಸಹಕಾರ ಸಂಘಕ್ಕೆ ಸಾಲಗಾರರು. ಅಂಬೇಡ್ಕರ್ ಹೇಳಿದ ಶ್ರೇಣೀಕೃತ ಅಸಮಾನತೆ ಇಂಥದ್ದೇ. ಪ್ರತಿ ಮೆಟ್ಟಿಲಿನವನಿಗೂ ತುಳಿಯಲು ಕೆಳಗೊಂದು ಮೆಟ್ಟಿಲು ಇರುತ್ತದೆ. ಅವರ ಕಷ್ಟ ನನಗೆ ಅರ್ಥವಾಗಿತ್ತು. ಆದರೂ ಹೇಳಿಕೆಯಲ್ಲಿ ಅವರ ಹೆಸರನ್ನು ಪೂರ್ತಿಯಾಗಿ ಬರೆದೆ. ಮತ್ತೊಬ್ಬರ ಮಗನ ಶಾಲೆಯನ್ನು ಕಸಿದುಕೊಳ್ಳಲು ಸಹಕಾರ ಸಂಘದ ಸಾಲ ಅಪ್ಪಣೆ ಕೊಡುವುದಿಲ್ಲ.

ಈ ಸಲ ವಿಚಾರಣೆಯನ್ನು ಊರಿನಿಂದಾಚೆ, ಮಾಲೀಕರಿಲ್ಲದೆ ನಡೆಸಬೇಕೆಂದು ಲಿಖಿತವಾಗಿ ಕೋರಿದೆ. ಒಪ್ಪಿದರು. ದಿನಚರಿ, ಲೆಕ್ಕ, ತಪ್ಪಿದ ದಿನಗಳ ಪಟ್ಟಿ ಎಲ್ಲವೂ ಮೇಜಿನ ಮೇಲಿದ್ದವು. 'ಜೀತ' ಎಂಬ ಪದವನ್ನು ಹೇಳಿಕೆ ಕೊಟ್ಟವರು ಒಮ್ಮೆಯೂ ಆಡಲಿಲ್ಲ, ಆಡಬೇಕಾಗಿಯೂ ಬರಲಿಲ್ಲ. ಏಳು ವಾರಗಳ ನಂತರ ಬಿಡುಗಡೆ ಪ್ರಮಾಣಪತ್ರ ಬಂತು. 2016ರ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವು 20,000 ರೂಪಾಯಿಯವರೆಗೆ ಸಿಗುತ್ತಿತ್ತು. ವಯಸ್ಕ ಪುರುಷನಿಗೆ ಸಿಗಬೇಕಾದ 1 ಲಕ್ಷ ಅಪರಾಧ ಸಾಬೀತಾಗುವುದಕ್ಕೆ ತಳುಕು ಹಾಕಿಕೊಂಡಿತ್ತು. ಈ ಷರತ್ತು ನನಗೆ ಇಂದಿಗೂ ಕ್ರೂರವೆನಿಸುತ್ತದೆ. ಮೊಕದ್ದಮೆ ಎಳೆದಷ್ಟೂ ಬಿಡುಗಡೆಯಾದವನು ಮತ್ತೆ ಮುಂಗಡದ ಬಾಗಿಲಿಗೆ ಹೋಗುವ ಅಪಾಯವಿದೆ.

ಪ್ರಮಾಣಪತ್ರ ಕೈಗೆ ಬಂದ ದಿನ ಅವರ ಹೆಂಡತಿ ಅದನ್ನು ಎರಡು ಬಾರಿ ಓದಿಸಿಕೊಂಡರು. ಸಾಲ ತೀರಿಸುವ ಹೊಣೆ ಇನ್ನಿಲ್ಲ ಎಂಬ ಮಾತು ಬಂದಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು: "ಅಕ್ಕ, ಇದರಲ್ಲಿ ಜ್ವರದ ದಿನಗಳೂ ಸೇರಿವೆಯಾ?"

ಸೇರಿವೆ ಎಂದೆ.