ಮರದ ಹಡಗಿನ ಕಿಟ್‌: ಹಲಗೆ ಹೊದಿಸುವ ಬಗೆ

ಮರದ ಮಾದರಿ ಹಡಗು ಕಟ್ಟುವ ಬಿಡಿಭಾಗಗಳ ಕಿಟ್‌ ಮೊದಲ ಸಲ ತರಿಸಿಕೊಳ್ಳುವವರು 104 ತೋಪುಗಳ ವಿಕ್ಟರಿಯಂಥ ಯುದ್ಧನೌಕೆಗೆ ಆಸೆಪಡದೆ, ಒಂದೇ ಹಾಯಿಕಂಬದ ಸಣ್ಣ ಹಡಗನ್ನು ಆರಿಸಿಕೊಳ್ಳುವುದು ಒಳ್ಳೆಯದು. ಅಳತೆ 1:48 ಆಗಿದ್ದರೆ ನಿಜ ಹಡಗಿನ 48 ಸೆಂಟಿಮೀಟರ್‌ ಮಾದರಿಯಲ್ಲಿ 1 ಸೆಂಟಿಮೀಟರ್‌ ಆಗುತ್ತದೆ. 1:96ರಲ್ಲಿ ಅದೂ ಅರ್ಧಕ್ಕಿಳಿಯುವುದರಿಂದ ಹೊಸಬರ ಕೈಗೆ ಕಷ್ಟ.

ಹಡಗಿನ ಬೆನ್ನೆಲುಬಾದ ಕೀಲ್‌ ಪಟ್ಟಿಯನ್ನು ಗಾಜಿನ ಮೇಲಿಟ್ಟು ನೋಡಿ, ಬಾಗಿದ್ದರೆ ಒದ್ದೆ ಮಾಡಿ, ಭಾರ ಹೇರಿ, ಪೂರ್ತಿ ಒಣಗುವವರೆಗೆ ಬಿಡಬೇಕು. ಅದಕ್ಕೆ ಬಲ್ಕ್‌ಹೆಡ್‌ಗಳನ್ನು, ಅಂದರೆ ಹಡಗಿನ ಮೈಗೆ ಆಕಾರ ಕೊಡುವ ಅಡ್ಡ ಹಲಗೆಗಳನ್ನು, ಗುಣ್ಯ (ಬಡಗಿಯ ಮೂಲೆಮಟ್ಟ) ಹಿಡಿದು ನೇರವಾಗಿ ಕೂರಿಸಿ ಅಂಟಿಸಿದ ಬಳಿಕ, ಮರದ ತುಂಡಿಗೆ ಸುತ್ತಿದ 120ರ ಉಪ್ಪುಕಾಗದದಿಂದ ಅವುಗಳ ಅಂಚುಗಳನ್ನು ಓರೆಯಾಗಿ ಉಜ್ಜಬೇಕು. ತೆಳುವಾದ ಒಂದು ಪಟ್ಟಿಯನ್ನು ಮೂತಿಯಿಂದ ಹಿಂಬದಿಯವರೆಗೆ ಬಾಗಿಸಿ ಹಿಡಿದಾಗ ಅದು ಎಲ್ಲ ಬಲ್ಕ್‌ಹೆಡ್‌ಗಳ ಅಂಚಿಗೂ ಮೈತಾಗಿಸಿ ಕೂರಬೇಕು. ಇಲ್ಲಿ ಉಳಿದ ಉಬ್ಬುತಗ್ಗು ಮುಂದೆ ಎಷ್ಟು ಹಲಗೆ ಹೊದಿಸಿದರೂ ಕಾಣುತ್ತದೆಯಾದ್ದರಿಂದ ನಾನು ಇದಕ್ಕೆ ವಾರಗಟ್ಟಲೆ ಸಮಯ ಕೊಡುತ್ತೇನೆ.

ಹಲಗೆಗಳ ಲೆಕ್ಕ ಬಲ್ಕ್‌ಹೆಡ್‌ನ ಅಂಚಿಗೆ ಸುತ್ತಿ ಅಳೆದ ಕಾಗದದ ಪಟ್ಟಿಯಿಂದಲೇ ಸಿಗುತ್ತದೆ. ನಡುವಿನ ಬಲ್ಕ್‌ಹೆಡ್‌ನ ಒಂದು ಬದಿಯ ಸುತ್ತಳತೆ 100 ಮಿಲಿಮೀಟರ್‌, ಹಲಗೆಯ ಅಗಲ 5 ಮಿಲಿಮೀಟರ್‌ ಇದ್ದರೆ 20 ಹಲಗೆಗಳು ಬೇಕು. ಮೂತಿಯ ಬಳಿ ಸುತ್ತಳತೆ 60 ಇದ್ದರೆ ಅಲ್ಲಿ ಪ್ರತಿ ಹಲಗೆಯನ್ನೂ 3 ಮಿಲಿಮೀಟರ್‌ಗೆ ಸಣ್ಣ ಮಾಡಬೇಕು. ಹಲಗೆಯ ಅಗಲ ಅರ್ಧಕ್ಕಿಂತ ಕಡಿಮೆಯಾಗುವಂತಿದ್ದರೆ ಹಾಗೆ ಚೂಪು ಮಾಡದೆ, ಎರಡು ಹಲಗೆಗಳನ್ನು ಒಂದರಲ್ಲಿ ಮುಗಿಸುವುದು ಸರಿ. ಎಡಬಲಕ್ಕೆ ಒಂದೊಂದಾಗಿ ಅಂಟಿಸುತ್ತ ಹೋಗಬೇಕು. ಒಂದೇ ಬದಿಯನ್ನು ಮುಗಿಸಿದರೆ ಕೀಲ್‌ ತಿರುಚಿಕೊಳ್ಳುತ್ತದೆ.

ಬಾಗಿಸಲು ಹಲಗೆಯನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಅದರ ಜಾಗದಲ್ಲೇ ಕ್ಲಿಪ್‌ ಹಾಕಿ ರಾತ್ರಿಯಿಡೀ ಒಣಗಲು ಬಿಟ್ಟು, ಮರುದಿನ ಫೆವಿಕಾಲ್‌ ಹಚ್ಚಬೇಕು. ಒದ್ದೆ ಮರ ಅಡ್ಡಕ್ಕೆ ಹಿಗ್ಗಿರುತ್ತದೆ, ಒಣಗಿದಾಗ ಕುಗ್ಗಿ ಸಂದು ಬಿಡುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಗಾಳಿಯ ತೇವವೂ ಇದೇ ಕೆಲಸ ಮಾಡುತ್ತದೆ: ಶ್ರಾವಣದಲ್ಲಿ ನಾನು ಬಿಗಿಯಾಗಿ ಹೊದಿಸಿದ್ದ ಮೊದಲ ಹಡಗು ಶಿವರಾತ್ರಿ ಕಳೆಯುವಷ್ಟರಲ್ಲಿ ಕೂದಲೆಳೆಯಂಥ ಸೀಳುಗಳನ್ನು ತೋರಿಸಿತು. ಅಂದಿನಿಂದ ಮಳೆಗಾಲವನ್ನು ಹಗ್ಗದ ಕೆಲಸಕ್ಕೆ, ಅಂದರೆ ದಾರಕ್ಕೆ ಜೇನುಮೇಣ ಸವರಿ ಗಂಟು ಹಾಕುವುದಕ್ಕೆ ಮೀಸಲಿಟ್ಟು, ಹಲಗೆಗಳನ್ನು ದೀಪಾವಳಿಯ ನಂತರವೇ ಮುಟ್ಟುತ್ತೇನೆ.

ಪಟ್ಟಿ ಮುರಿದರೆ ಬಡಿಗೇರರ ಅಂಗಳದಲ್ಲಿ ಬಿದ್ದ ದಾಂಡೇಲಿ ಸಾಗವಾನಿಯ ಚೂರು ಕಣ್ಣಿಗೆ ಬೀಳುವುದು ಸಹಜ. ಮಲಬಾರ್‌ ಸಾಗವಾನಿಯಿಂದ 1817ರಲ್ಲಿ ಮುಂಬೈಯಲ್ಲಿ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ ಎಂಬುದನ್ನು ನೆನೆದರೆ ಆ ಮರದ ಮೇಲೆ ನನಗೂ ಅಭಿಮಾನ ಉಕ್ಕುತ್ತದೆ. ಆದರೆ ಅದರ ದಪ್ಪ ಎಳೆಗಳು ಸಣ್ಣ ಮಾದರಿಯಲ್ಲಿ ಅಳತೆಗೆ ಮೀರಿ ಕಾಣುತ್ತವೆ. ಕಿಟ್‌ನಲ್ಲಿ ಬರುವ ಬಾಸ್‌ವುಡ್‌ನಂಥ ನಯವಾದ ಎಳೆಯ ಮರವೇ ಇಲ್ಲಿ ಹೊಂದುತ್ತದೆ.

ಮೊದಲ ಪದರ ಮುಗಿದ ಮೇಲೆ ಸಂದುಗಳಿಗೆ ಅದೇ ಮರದ ಹೊಟ್ಟನ್ನು ಫೆವಿಕಾಲ್‌ನಲ್ಲಿ ಕಲಸಿ ತುಂಬಿ, 180 ಮತ್ತು 240ರ ಕಾಗದದಿಂದ ಉಜ್ಜಬೇಕು. ನಂತರ ಕಣ್ಣು ಮುಚ್ಚಿ ಬೆರಳು ಸವರಿ, ಎಲ್ಲಿಯೂ ತಡೆಯದಿದ್ದರೆ ಎರಡನೆಯ ಪದರದ ತೆಳು ವಾಲ್ನಟ್‌ ಪಟ್ಟಿಗಳನ್ನು ಹೊರತೆಗೆಯಬಹುದು.