ಗೆಳತಿಯ ಹತ್ತಿರ ಪ್ರೆಪ್ ಮಾತ್ರೆಯ ಮಾತು ತೆಗೆಯುವುದು ಹೇಗೆ

ಮೈಸೂರಿನ ಬಸ್ ಸ್ಟ್ಯಾಂಡ್ ಸುತ್ತಮುತ್ತ ನಾನು 11 ವರ್ಷದಿಂದ ಪೀರ್ ಕೆಲಸ, ಅಂದರೆ ನಮ್ಮಂಥ ಹೆಂಗಸರಿಗೇ ಆರೋಗ್ಯದ ಮಾಹಿತಿ ತಲುಪಿಸುವ ಕೆಲಸ ಮಾಡುತ್ತಿದ್ದೇನೆ. ಅದಕ್ಕೂ ಮೊದಲು ಅಲ್ಲೇ ಸೆಕ್ಸ್ ವರ್ಕ್ ಮಾಡುತ್ತಿದ್ದೆ. ಕಾಂಡೋಮ್ ಬಗ್ಗೆ ಮಾತಾಡೋಕೆ ನಮಗೆ ನಾಚಿಕೆ ಬಿಟ್ಟುಹೋಗಿ ಬಹಳ ಕಾಲವಾಯಿತು. ಎಚ್‌ಐವಿ ತಡೆಯುವ ಪ್ರೆಪ್ ಮಾತ್ರೆಯ ವಿಷಯ ಬಂದರೆ ಮಾತ್ರ ಇವತ್ತಿಗೂ ಎಲ್ಲರ ದನಿ ತಗ್ಗುತ್ತದೆ. "ಅದು ಕಾಯಿಲೆ ಇದ್ದವರು ನುಂಗೋ ಮಾತ್ರೆ ಅಲ್ವಾ ಅಕ್ಕಾ?" ಅನ್ನುತ್ತಾರೆ. ಈ ಒಂದು ಅನುಮಾನ ಬಿಡಿಸಿದರೆ ಅರ್ಧ ಕೆಲಸ ಆದ ಹಾಗೆ.

ಅದಕ್ಕೆ ಮೊದಲು ನೀವು ಸರಿಯಾಗಿ ತಿಳಿದುಕೊಳ್ಳಿ. ಪ್ರೆಪ್ ಅಂದರೆ ಎಚ್‌ಐವಿ ಇಲ್ಲದವರು, ಬರದೇ ಇರಲಿ ಅಂತ ದಿನಕ್ಕೊಂದು ನುಂಗುವ ಮಾತ್ರೆ. ಸಾಮಾನ್ಯವಾಗಿ ಟೆನೋಫೋವಿರ್, ಎಮ್ಟ್ರಿಸಿಟಬೈನ್ ಅನ್ನುವ ಎರಡು ಔಷಧಿ ಒಂದೇ ಮಾತ್ರೆಯಲ್ಲಿ ಇರುತ್ತವೆ. ಎಚ್‌ಐವಿ ಇರುವವರ ಚಿಕಿತ್ಸೆಗೂ ಟೆನೋಫೋವಿರ್ ಬಳಸುತ್ತಾರೆ. ಗೊಂದಲ ಹುಟ್ಟುವುದು ಅಲ್ಲಿಂದಲೇ. ನಾನು ಮಾಲಾ-ಡಿ ಉದಾಹರಣೆ ಕೊಡುತ್ತೇನೆ. "ಮಾಲಾ-ಡಿ ನುಂಗುವವಳನ್ನ ಬಸುರಿ ಅಂತ ಯಾರಾದ್ರೂ ಅಂತಾರಾ? ಬಸುರಾಗಬಾರದು ಅಂತ ತಾನೇ ನುಂಗೋದು?" ಅಂತ ಕೇಳಿದರೆ ಮುಖದಲ್ಲಿ ನಗು ಬರುತ್ತದೆ. ಅಲ್ಲಿಂದ ಮುಂದೆ ಮಾತು ಸಲೀಸು.

ಇದು ಎಲ್ಲೋ ದೂರದ ಊರಿನ ಔಷಧಿ ಅಂತಲೂ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಅಪಾಯ ಜಾಸ್ತಿ ಇರುವ ಎಲ್ಲರಿಗೂ ಇದನ್ನು ಕೊಡಬಹುದು ಅಂದಿತು. ಆಮೇಲೆ ನಮ್ಮ ಮೈಸೂರಿನ ಆಶೋದಯ ಸಮಿತಿ ಮತ್ತು ಕೋಲ್ಕತ್ತಾದ ದುರ್ಬಾರ್ ಸಂಘಟನೆ, ಅಂದರೆ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿ ನಡೆಸುವ ಸಂಘಗಳು, ಪ್ರಯೋಗವಾಗಿ ಕೊಟ್ಟು ನೋಡಿದವು. ಮೈಸೂರು-ಮಂಡ್ಯ ಕಡೆ 600ಕ್ಕೂ ಹೆಚ್ಚು ಹೆಂಗಸರು ಸೇರಿದ್ದರು. ನಿಮ್ಮ ಗೆಳತಿಗೆ ಇದನ್ನು ಹೇಳಿ. ನಮ್ಮಂಥವರೇ ನುಂಗಿದ್ದಾರೆ ಅಂತ ಗೊತ್ತಾದರೆ ಧೈರ್ಯ ಬರುತ್ತದೆ.

ಇನ್ನು ಯಾರಿಗೆ ಹೇಳಬೇಕು ಅನ್ನುವುದು. ಇದರಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಒಂದು ಸಂಘದ ಮೀಟಿಂಗ್‌ನಲ್ಲಿ, ಸಾಲದ ಲೆಕ್ಕ ಮುಗಿದ ಮೇಲೆ, ಇಪ್ಪತ್ತು ಜನರ ಮುಂದೆ ಎದ್ದುನಿಂತು ಎಲ್ಲ ಹೇಳಿಬಿಟ್ಟೆ. ಒಬ್ಬಳು ಮಾತ್ರ ಕೈಯೆತ್ತಿ, "ಎಲ್ಲಿ ಸಿಗುತ್ತೆ?" ಅಂದಳು. ಅಷ್ಟೇ. ಮಾರನೇ ದಿನಕ್ಕೆ ನಲ್ಲಿ ಹತ್ತಿರ ಅವಳದೇ ಸುದ್ದಿ. ಅವಳು ಸಂಘಕ್ಕೆ ಬರೋದನ್ನೇ ಬಿಟ್ಟಳು. ನಾನು ಎರಡು ಸಲ ಮನೆಗೆ ಹೋದೆ, ಬಾಗಿಲು ತೆಗೆಯಲಿಲ್ಲ. ಅವತ್ತಿನಿಂದ ಗುಂಪಿನಲ್ಲಿ ಯಾರನ್ನೂ ಪ್ರಶ್ನೆ ಕೇಳೋ ಹಾಗೆ ಮಾಡುವುದಿಲ್ಲ. ಗುಂಪಿನಲ್ಲಿ ಪರೀಕ್ಷೆ, ರಕ್ತಹೀನತೆ, ಬಿಳಿಸೆರಗು ಇಷ್ಟರ ಮಾತು ಸಾಕು. ಪ್ರೆಪ್ ಮಾತು ಇಬ್ಬರ ನಡುವೆ.

ಆ ಇನ್ನೊಬ್ಬಳನ್ನು ಆರಿಸುವಾಗ ಜೋರಾಗಿ ಮಾತಾಡುವವಳನ್ನು ಆರಿಸಬೇಡಿ. ರಾತ್ರಿ ಹತ್ತು ಗಂಟೆಗೆ 500 ರೂಪಾಯಿ ಬೇಕಾದರೆ ನಿಮ್ಮ ಬೀದಿಯ ಹೆಂಗಸರು ಯಾರ ಬಾಗಿಲು ತಟ್ಟುತ್ತಾರೆ? ಆಸ್ಪತ್ರೆ ಚೀಟಿ ಓದಿಸಿಕೊಳ್ಳೋಕೆ ಯಾರ ಹತ್ತಿರ ಹೋಗುತ್ತಾರೆ? ಅವಳಿಗೆ ಮೊದಲು ಹೇಳಿ. ಅವಳ ಬಾಯಿಂದ ಹೋದ ಮಾತನ್ನು ನಾಲ್ಕು ಜನ ನಂಬುತ್ತಾರೆ, ಮತ್ತೆ ಯಾರ ಗುಟ್ಟೂ ಬೀದಿಗೆ ಬರುವುದಿಲ್ಲ.

ಎದುರಾಬದುರು ಕೂತು ಹೇಳುವುದಕ್ಕಿಂತ ಪಕ್ಕದಲ್ಲಿ ಕೂತು ಹೇಳುವುದು ಸುಲಭ. ನನಗೆ ಒದಗಿದ್ದು ಹೂ ಕಟ್ಟುವ ಹೊತ್ತು. ಕೈ ಮಲ್ಲಿಗೆ ಮೇಲೆ, ಕಣ್ಣು ದಾರದ ಮೇಲೆ. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಒಂದು ಸಂಜೆ ಗೆಳತಿ ತಲೆ ಎತ್ತದೆ ಹೇಳಿದಳು, "ಗಿರಾಕಿ ಹತ್ರ ಕಾಂಡೋಮ್ ಇಲ್ದೆ ಹೋಗಲ್ಲ ಕಣಕ್ಕಾ. ಮನೆಯವನ ಹತ್ರ ಹೇಗೆ ಕೇಳ್ಲಿ? ನನ್ ಮೇಲೆ ಅನುಮಾನಾನಾ ಅಂತಾನೆ." ನಾನು ಬುದ್ಧಿ ಹೇಳೋಕೆ ಹೋಗಲಿಲ್ಲ. "ಅವನನ್ನ ಕೇಳದೇನೆ ನೀನು ಮಾಡ್ಕೊಳ್ಳೋ ಒಂದು ಉಪಾಯ ಇದೆ, ಹೇಳ್ಲಾ?" ಅಂದೆ. ಅವಳ ಕೈ ನಿಂತಿತು. ಮೂರು ಮೊಗ್ಗು ಬೆರಳ ಸಂದಿಯಲ್ಲೇ ಉಳಿದವು. "ಹೇಳು" ಅಂದಳು.

ಹೀಗೆ ಕೇಳಿಯೇ ಹೇಳಿ. "ನಿನ್ನ ಗಂಡ ಲಾರಿ ಓಡಿಸ್ತಾನೆ, ನಿನಗೆ ಬೇಕು" ಅಂತ ಯಾವತ್ತೂ ಶುರು ಮಾಡಬೇಡಿ. ಅದು ಅವಳ ಸಂಸಾರದ ಮೇಲೆ ಕಲ್ಲು ಹಾಕಿದ ಹಾಗೆ.

ಅವಳು ಹ್ಞೂಂ ಅಂದ ಮೇಲೆ ಹೇಳಬೇಕಾದ್ದು ಇಷ್ಟು. ಮೊದಲು ಎಚ್‌ಐವಿ ಪರೀಕ್ಷೆ ಆಗಬೇಕು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಲಹೆ-ಪರೀಕ್ಷೆ ಕೇಂದ್ರದಲ್ಲಿ, ಪುಕ್ಕಟೆ ಮಾಡುತ್ತಾರೆ. ಕಿಡ್ನಿ ಸರಿ ಇದೆಯಾ ಅಂತಲೂ ರಕ್ತ ನೋಡುತ್ತಾರೆ. ಡಾಕ್ಟರ್ ಹೇಳದೆ ಮೆಡಿಕಲ್ ಶಾಪ್‌ನಿಂದ ತಂದು ನುಂಗುವಂತಿಲ್ಲ. ಮಾತ್ರೆ ಎಲ್ಲ ಕಡೆ ಪುಕ್ಕಟೆ ಸಿಗುವುದಿಲ್ಲ, ಹಾಗಾಗಿ ಹೊರಡುವ ಮೊದಲು 1097ಕ್ಕೆ ಫೋನ್ ಮಾಡಿ ಕೇಳಿ. ಅದು ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಉಚಿತ ಸಹಾಯವಾಣಿ. ಮೊದಲ ದಿನವೇ ರಕ್ಷಣೆ ಬರುವುದಿಲ್ಲ. ಕನಿಷ್ಠ 7 ದಿನ ಬಿಡದೆ ನುಂಗಬೇಕು, ಹೆಂಗಸರಿಗೆ 3 ವಾರ ಅಂತಲೂ ಕೆಲವು ವೈದ್ಯರು ಹೇಳುತ್ತಾರೆ. ಶುರುವಿನಲ್ಲಿ ಕೆಲವರಿಗೆ ವಾಕರಿಕೆ, ತಲೆನೋವು ಬರುತ್ತದೆ, ನಿಧಾನಕ್ಕೆ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ. ಸಿಫಿಲಿಸ್, ಗೊನೋರಿಯಾ, ಗರ್ಭ ಯಾವುದನ್ನೂ ಈ ಮಾತ್ರೆ ತಡೆಯುವುದಿಲ್ಲ, ಹಾಗಾಗಿ ಕಾಂಡೋಮ್ ಬಿಡಬಾರದು. ನಿನ್ನೆ ಮೊನ್ನೆ ಕಾಂಡೋಮ್ ಹರಿದುಹೋಗಿದೆ ಅಂದರೆ ಅದಕ್ಕೆ ಬೇರೆ ಔಷಧಿ ಇದೆ. 72 ಗಂಟೆಯೊಳಗೆ ಶುರು ಮಾಡಬೇಕು, ಹಾಗಾಗಿ ಅವಳನ್ನು ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಾತ್ರೆ ಇಡುವ ಜಾಗದ ಬಗ್ಗೆ ಮಾತಾಡೋದನ್ನ ಮರೆಯಬೇಡಿ. ಎಷ್ಟೋ ಜನ ಮಾತ್ರೆ ಬಿಡುವುದು ಇದೇ ಕಾರಣಕ್ಕೆ. ಡಬ್ಬಿ ವ್ಯಾನಿಟಿ ಬ್ಯಾಗಿನಲ್ಲಿ ಗಲಗಲ ಅನ್ನುತ್ತದೆ. ಅತ್ತೆ ಕೇಳುತ್ತಾರೆ, ಮಗ ಕೇಳುತ್ತಾನೆ. ನನ್ನ ಗೆಳತಿ ಡಬ್ಬಿಯ ಬಾಯಿಗೆ ಸ್ವಲ್ಪ ಹತ್ತಿ ತುರುಕಿ, ಬ್ಲೌಸ್ ಪೀಸ್‌ನಲ್ಲಿ ಸುತ್ತಿ ಹೊಲಿಗೆ ಸಾಮಾನಿನ ಡಬ್ಬದಲ್ಲಿ ಇಟ್ಟಿದ್ದಾಳೆ. ಒಳಗಿನ ತೇವ ಹೀರುವ ಪೊಟ್ಟಣ ಮಾತ್ರ ಎಸೆಯಬಾರದು. ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಬೇಡಿ. ನಮ್ಮಲ್ಲಿ ಎಷ್ಟು ಜನರ ಫೋನ್ ಅವರದ್ದೇ ಕೈಯಲ್ಲಿ ಇರುತ್ತದೆ, ಹೇಳಿ?

ಮನೆಯವನಿಗೆ ಹೇಳಬೇಕಾ ಬೇಡವಾ ಅನ್ನುವುದು ಅವಳಿಗೆ ಬಿಟ್ಟದ್ದು. ಹೊಡೆಯುವವನಾದರೆ 181 ನಂಬರ್ ಕೂಡ ಕೊಟ್ಟಿರಿ, ಅದು ಮಹಿಳಾ ಸಹಾಯವಾಣಿ. ಕಾನೂನು ಹೇಳಿದ ಕೆಲವು ಸಂದರ್ಭ ಬಿಟ್ಟರೆ, ಪರೀಕ್ಷೆಯ ಫಲಿತಾಂಶವನ್ನು ಅವಳ ಒಪ್ಪಿಗೆ ಇಲ್ಲದೆ ಆಸ್ಪತ್ರೆಯವರು ಯಾರಿಗೂ ಹೇಳುವಂತಿಲ್ಲ. 2017ರ ಎಚ್‌ಐವಿ ಕಾಯ್ದೆಯಲ್ಲೇ ಇದೆ. ಈ ಮಾತು ಕೇಳಿದರೆ ಎಷ್ಟೋ ಜನಕ್ಕೆ ಕಾಲು ಮುಂದೆ ಬರುತ್ತದೆ.

ಮೊದಲ ಸಲ ನೀವೂ ಜೊತೆಗೆ ಹೋಗಿ. ಸಾಲಿನಲ್ಲಿ ಒಬ್ಬಳೇ ನಿಂತರೆ ವಾಪಸ್ ಬಂದುಬಿಡುತ್ತಾಳೆ. ನಾವಿಬ್ಬರೂ ಹೋದ ದಿನ ಮನೆಗೆ ಬಂದ ಮೇಲೆ ಅವಳು ಗೋಡೆ ಕ್ಯಾಲೆಂಡರ್ ತಿರುವಿ, ಮೂರು ತಿಂಗಳ ಆಚೆಯ ತಾರೀಖಿಗೆ ಗುರುತು ಹಾಕಿ, ಪಕ್ಕದಲ್ಲಿ "ಚೀಟಿ ದುಡ್ಡು" ಅಂತ ಬರೆದಳು. ಮೊನ್ನೆ ಫೋನ್ ಮಾಡಿದ್ದಳು. "ಅಕ್ಕಾ, ಚೀಟಿ ದುಡ್ಡು ಕಟ್ಟೋ ದಿನ ಹತ್ರ ಬಂತು. ಇನ್ನೊಬ್ಬಳನ್ನೂ ಕರ್ಕೊಂಡು ಬರ್ಲಾ?"