318ಕ್ಕೆ ಬಂದು ನಿಂತ ಗಾಡಿ

2007ರಲ್ಲಿ ನಾನೇ ಕೂತು ಜೋಡಿಸಿಕೊಂಡ ಕಂಪ್ಯೂಟರಿನಲ್ಲಿ ಇಂಟೆಲ್ ಕೋರ್ 2 ಡ್ಯುಯೋ ಇ4300 ಪ್ರೊಸೆಸರ್ ಇತ್ತು. ಅದನ್ನು ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸುವ (ಓವರ್‌ಕ್ಲಾಕಿಂಗ್) ಹುಚ್ಚು ನನಗೆ. ಡಬ್ಬದ ಮೇಲೆ 800 ಎಫ್‌ಎಸ್‌ಬಿ (ಫ್ರಂಟ್ ಸೈಡ್ ಬಸ್, ಪ್ರೊಸೆಸರಿಗೂ ಬೋರ್ಡಿಗೂ ನಡುವಿನ ಡೇಟಾ ದಾರಿ) ಅಂತ ದೊಡ್ಡದಾಗಿ ಬರೆದಿದ್ದರೂ ಒಳಗಿನ ನಿಜವಾದ ಕ್ಲಾಕ್ 200 ಮೆಗಾಹರ್ಟ್ಸ್ ಅಷ್ಟೇ. ಒಂದೊಂದು ಬಡಿತಕ್ಕೆ ನಾಲ್ಕು ಸಲ ಡೇಟಾ ಸಾಗಿಸುತ್ತದೆ, ಅದಕ್ಕೇ 800. ಈ 200ನ್ನು ಒಂಬತ್ತರಿಂದ ಗುಣಿಸಿದರೆ ಪ್ರೊಸೆಸರಿನ ವೇಗ, 1.8 ಗಿಗಾಹರ್ಟ್ಸ್; ಆ ಒಂಬತ್ತೇ ಮಲ್ಟಿಪ್ಲೈಯರ್. ಮಲ್ಟಿಪ್ಲೈಯರನ್ನು 6ರವರೆಗೆ ಇಳಿಸಬಹುದು, 9ರ ಮೇಲೆ ಏರಿಸಲು ಬಿಡುವುದಿಲ್ಲ. ಹಾಗಾಗಿ ವೇಗ ಬೇಕೆಂದರೆ ಎಫ್‌ಎಸ್‌ಬಿಯನ್ನೇ ಏರಿಸಬೇಕು. 333ಕ್ಕೆ ತಂದರೆ ಹೆಚ್ಚುಕಮ್ಮಿ 3 ಗಿಗಾಹರ್ಟ್ಸ್. ನನ್ನ ಕಣ್ಣು ಆ 333ರ ಮೇಲೆ.

ಮೊದಲ ದಿನ 230ಕ್ಕೇ ಮುಗ್ಗರಿಸಿದೆ. ಪರದೆ ಕಪ್ಪು, ಫ್ಯಾನ್ ಮಾತ್ರ ತಿರುಗುತ್ತಿದೆ. ಸ್ಕ್ರೂಡ್ರೈವರ್ ತುದಿಯಿಂದ ಸಿಮಾಸ್ ಪಿನ್‌ಗಳನ್ನು ಮುಟ್ಟಿಸಿ ಬಯೋಸಿನ (ಬೋರ್ಡಿನ ಮೂಲ ತಂತ್ರಾಂಶ) ಸೆಟ್ಟಿಂಗುಗಳನ್ನು ಅಳಿಸಿ, ಮತ್ತೆ ಶುರು. ಪ್ರೊಸೆಸರ್ ವೋಲ್ಟೇಜ್ ಏರಿಸಿದೆ. ಏನೂ ಆಗಲಿಲ್ಲ. ಇನ್ನಷ್ಟು ಏರಿಸಿದೆ. ಮುಂದೆ ಹೋಗದಿದ್ದರೆ ವೋಲ್ಟೇಜ್ ಕೊಡು, ಆಗ ನನಗೆ ಗೊತ್ತಿದ್ದ ಮದ್ದು ಅದೊಂದೇ.

ಕಾರಣ ಗೊತ್ತಾದಾಗ ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಎಫ್‌ಎಸ್‌ಬಿ ಕ್ಲಾಕಿಗೂ ಮೆಮೊರಿ ಕ್ಲಾಕಿಗೂ ಇರುವ ಅನುಪಾತ ಆಟೋದಲ್ಲಿತ್ತು, ಅಂದರೆ ಬೋರ್ಡೇ ಅದನ್ನು ಆರಿಸುತ್ತಿತ್ತು. ನನ್ನದು ಡಿಡಿಆರ್2-800 ರ‍್ಯಾಮ್, ಒಂದು ಬಡಿತಕ್ಕೆ ಎರಡು ಸಲ ಡೇಟಾ ಸಾಗಿಸುವಂಥದ್ದು. 200ರ ಎಫ್‌ಎಸ್‌ಬಿಯಲ್ಲಿ 800 ಬರಬೇಕಾದರೆ ಬೋರ್ಡು 1:2 ಲೆಕ್ಕ ಹಾಕುತ್ತದೆ. ನಾನು 230ಕ್ಕೆ ಏರಿಸಿದಾಗ ಪಾಪ ಆ ಅಗ್ಗದ ರ‍್ಯಾಮ್ 920ರಲ್ಲಿ ಓಡಬೇಕಿತ್ತು! ಪ್ರೊಸೆಸರ್ ಆರಾಮಾಗಿತ್ತು, ಏದುಸಿರು ಬಿಡುತ್ತಿದ್ದದ್ದು ರ‍್ಯಾಮ್. ಅನುಪಾತವನ್ನು 1:1ಕ್ಕೆ ಇಟ್ಟ ಮೇಲೆ 266 ಸರಾಗ, 300 ಸರಾಗ. ಗ್ರಾಫಿಕ್ಸ್ ಕಾರ್ಡಿನಂಥವು ಕೂರುವ ಪಿಸಿಐ ಎಕ್ಸ್‌ಪ್ರೆಸ್ಸನ್ನೂ ಆಟೋದಿಂದ ಬಿಡಿಸಿ 100 ಮೆಗಾಹರ್ಟ್ಸಿಗೆ ಕಟ್ಟಿಹಾಕಿದೆ.

ಆಮೇಲೆ ಬಂತು 318. ಅಲ್ಲಿಯವರೆಗೆ ಬೂಟ್ ಆಗುತ್ತದೆ, 320 ಅಂದರೆ ಸತ್ತಂತೆ. ಈ ಸಲ ವೋಲ್ಟೇಜಿಗೆ ಕೈ ಹಾಕಲಿಲ್ಲ. ಮಲ್ಟಿಪ್ಲೈಯರನ್ನು 6ಕ್ಕೆ ಇಳಿಸಿ 320 ಕೊಟ್ಟೆ. 6×320 ಅಂದರೆ 1920, ಈ ಪ್ರೊಸೆಸರಿಗೆ ಅದು ಬೆಳಗಿನ ವಾಕಿಂಗ್ ಇದ್ದಂತೆ. ಆದರೂ ಪರದೆ ಕಪ್ಪು. ಅಂದರೆ ಕೋರಿನ ವೇಗದ ತಕರಾರಲ್ಲ. ಮೆಮೊರಿ 1:1ರಲ್ಲಿ 640ರಲ್ಲಿದೆ, ಅದರ ಶಕ್ತಿಗಿಂತ ಕಡಿಮೆ, ಅದೂ ಅಲ್ಲ. ಉಳಿದದ್ದು ನಡುವಿನ ಬಸ್ಸು ಮತ್ತು ಅದನ್ನು ನಡೆಸುವ, ಪ್ರೊಸೆಸರನ್ನು ಮೆಮೊರಿಗೆ ಜೋಡಿಸುವ ಚಿಪ್ಪಾದ ನಾರ್ತ್‌ಬ್ರಿಡ್ಜ್. ಇಷ್ಟು ಗೊತ್ತುಮಾಡಿಕೊಳ್ಳಲು ಹತ್ತು ನಿಮಿಷ ಸಾಕಾಯಿತು. ಅದಕ್ಕೂ ಮುಂಚೆ ಎರಡು ವಾರ ಹಾಳುಮಾಡಿದ್ದೆ.

ಸ್ಟ್ರೆಸ್ ಟೆಸ್ಟ್ ಕೂಡ ಇದನ್ನೇ ಹೇಳುತ್ತಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. 315ರಲ್ಲಿ, ಯಂತ್ರವನ್ನು ದಣಿಸಿ ಪರೀಕ್ಷಿಸುವ ಆರ್ಥೋಸ್‌ನ ಸ್ಮಾಲ್ ಎಫ್‌ಎಫ್‌ಟಿ ರಾತ್ರಿಯಿಡೀ ಓಡಿತ್ತು. ಅದರದೇ ಬ್ಲೆಂಡ್ ಪರೀಕ್ಷೆ ಹಾಕಿದರೆ ಹತ್ತೇ ನಿಮಿಷಕ್ಕೆ ಕೆಂಪು, ಅಂದರೆ ಲೆಕ್ಕ ತಪ್ಪಿತು. ಸ್ಮಾಲ್ ಬಹುಪಾಲು ಪ್ರೊಸೆಸರಿನ ಒಳಗೇ, ಕ್ಯಾಶ್‌ನಲ್ಲೇ ಸುತ್ತುತ್ತದೆ. ಬ್ಲೆಂಡ್ ಮೆಮೊರಿಯವರೆಗೆ ಹೋಗಿಬರುತ್ತದೆ, ದಾರಿಯಲ್ಲಿ ನಾರ್ತ್‌ಬ್ರಿಡ್ಜ್ ದಾಟಲೇಬೇಕು.

ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ನಾರ್ತ್‌ಬ್ರಿಡ್ಜಿನ ಹೀಟ್‌ಸಿಂಕ್ ಮೇಲೆ ಬೆರಳಿಟ್ಟೆ. ಮೂರು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾಯಿತು. ಬೋರ್ಡನ್ನು ಹೊರತೆಗೆದು, ಹಿಂಬದಿಯಿಂದ ಪ್ಲಾಸ್ಟಿಕ್ ಪಿನ್ನುಗಳನ್ನು ಚಿಮಟದಿಂದ ಹಿಸುಕಿ ಸಿಂಕ್ ಎಬ್ಬಿಸಿದರೆ, ಕೆಳಗೆ ಚ್ಯೂಯಿಂಗ್ ಗಮ್ ಒಣಗಿದ ಹಾಗೆ ಒಂದು ಗುಲಾಬಿ ಪದರ. ಒಂದು ಮೂಲೆಯಲ್ಲಿ ಚಿಪ್ಪಿಗೆ ಅಂಟಿಯೇ ಇರಲಿಲ್ಲ. ಕೆರೆದು, ಸ್ಪಿರಿಟ್ ಹಚ್ಚಿ ಒರೆಸಿ, ಅಕ್ಕಿಕಾಳಿನಷ್ಟು ಥರ್ಮಲ್ ಪೇಸ್ಟ್ ಹಾಕಿದೆ. ಎಸ್‌ಪಿ ರೋಡಿಗೆ ಹೋಗಿ 40 ಮಿಲಿಮೀಟರಿನ ಪುಟ್ಟ ಫ್ಯಾನ್ ಕೇಳಿದರೆ ಅಂಗಡಿಯವರು "ಏನ್ ಸಾರ್, ಚಿಪ್‌ಸೆಟ್ಟಿಗೂ ಗಾಳಿ ಬೀಸ್ತೀರಾ?" ಅಂತ ನಕ್ಕರು. ಬೀಸಿದೆ. ಆಮೇಲೆ ಬಯೋಸಿನಲ್ಲಿ ನಾರ್ತ್‌ಬ್ರಿಡ್ಜಿನ, ಅಂದರೆ ಎಮ್‌ಸಿಎಚ್ ವೋಲ್ಟೇಜಿಗೆ 0.1, ಎಫ್‌ಎಸ್‌ಬಿ ವೋಲ್ಟೇಜಿಗೆ 0.1 ಸೇರಿಸಿದೆ, ಒಂದಾದ ಮೇಲೆ ಒಂದು, ನಡುವೆ ಒಂದೊಂದು ಟೆಸ್ಟ್. ಎರಡನ್ನೂ ಒಟ್ಟಿಗೆ ಏರಿಸಿದರೆ ಯಾವುದು ಕೆಲಸ ಮಾಡಿತು ಅಂತ ದೇವರಿಗೇ ಗೊತ್ತು.

326ಕ್ಕೆ ಬಂತು. ಮತ್ತೆ ನಿಂತಿತು.

ಕೊನೆಯ ಬೀಗ ಸ್ಟ್ರ್ಯಾಪ್‌ನದು. ನಾರ್ತ್‌ಬ್ರಿಡ್ಜ್ ಯಾವ ಎಫ್‌ಎಸ್‌ಬಿಗೆ ತಕ್ಕಂತೆ ನಡೆಯಬೇಕು ಅನ್ನುವ ಸೆಟ್ಟಿಂಗೇ ಸ್ಟ್ರ್ಯಾಪ್. ಪ್ರೊಸೆಸರ್ ತಾನು 800ರವನು ಅಂತ ಹೇಳಿಕೊಳ್ಳುತ್ತದೆ. ಬೋರ್ಡು ಅದನ್ನು ನಂಬಿ ನಾರ್ತ್‌ಬ್ರಿಡ್ಜಿನ ಒಳಗಿನ ಟೈಮಿಂಗುಗಳನ್ನು 800ಕ್ಕೆ ತಕ್ಕಂತೆ ಬಿಗಿಯಾಗಿ ಇಟ್ಟಿರುತ್ತದೆ. 200ರಲ್ಲಿ ಆ ಬಿಗಿ ಒಳ್ಳೆಯದೇ, 330ರಲ್ಲಿ ಅದು ಉರುಳು. ನನ್ನ ಬಯೋಸಿನಲ್ಲಿ ಸ್ಟ್ರ್ಯಾಪನ್ನು ಕೈಯಿಂದ ಬದಲಿಸಲು ಬರುತ್ತಿತ್ತು, ಅದು ಪುಣ್ಯ. ಇಲ್ಲದವರು ಪ್ರೊಸೆಸರಿನ ತಳದ ಬಿಂದುಗಳಲ್ಲೇ ಕೈಚಳಕ ಮಾಡಿ ಬೋರ್ಡನ್ನು ಯಾಮಾರಿಸುತ್ತಿದ್ದರು. ನನಗೆ ಅಷ್ಟು ಗುಂಡಿಗೆ ಇರಲಿಲ್ಲ. ಸಡಿಲವಾದ 1066ರ ಸ್ಟ್ರ್ಯಾಪಿಗೆ ಇಟ್ಟೆ, ಎಫ್‌ಎಸ್‌ಬಿ 333, ಮಲ್ಟಿಪ್ಲೈಯರ್ 9. ಒಂದು ಬೀಪ್ ಬಂತು. ಪ್ರೊಸೆಸರಿನ ವೇಗ ತೋರಿಸುವ ಸಿಪಿಯು-ಝಡ್ ತೆರೆದರೆ 2 ಗಿಗಾಹರ್ಟ್ಸ್ ತೋರಿಸುತ್ತಿದೆ! ಎದೆ ಧಸಕ್ಕೆಂದಿತು. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಸ್ಪೀಡ್‌ಸ್ಟೆಪ್ ಮಲ್ಟಿಪ್ಲೈಯರನ್ನು 6ಕ್ಕೆ ಇಳಿಸುತ್ತದೆ ಅನ್ನುವುದೇ ಮರೆತುಹೋಗಿತ್ತು. ಆರ್ಥೋಸ್ ಒತ್ತಿದ ಕೂಡಲೇ 2997.

ಸ್ಟ್ರ್ಯಾಪ್ ಸಡಿಲಿಸಿದ್ದರಿಂದ ಮೆಮೊರಿ ಒಂದು ಕೂದಲೆಳೆ ನಿಧಾನವಾಯಿತು, ಬೆಂಚ್‌ಮಾರ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಕಾಣಲಿಲ್ಲ. ನನಗೇ ಸಂಕಟ ತಂದದ್ದು, ಮೊದಲ ದಿನ ಏರಿಸಿದ್ದ ಪ್ರೊಸೆಸರ್ ವೋಲ್ಟೇಜ್. ಅದರಲ್ಲಿ ಮುಕ್ಕಾಲು ಭಾಗ ವಾಪಸ್ ಇಳಿಸಿದರೂ ಏನೂ ಆಗಲಿಲ್ಲ; ತಾಪ ಮಾತ್ರ ಏಳೆಂಟು ಡಿಗ್ರಿ ಇಳಿಯಿತು. ಇಷ್ಟು ದಿನ ಸುಮ್ಮನೆ ಬೇಯಿಸಿದ್ದೆ.

ಈಗಿನವರಿಗೆ ಈ ಪಾಡಿಲ್ಲ. 2008ರ ಕೊನೆಗೆ ಬಂದ ಮೊದಲ ಕೋರ್ ಐ7ರಲ್ಲಿ ಮೆಮೊರಿ ಕಂಟ್ರೋಲರ್ ಪ್ರೊಸೆಸರಿನೊಳಗೇ ಸೇರಿ, ಎಫ್‌ಎಸ್‌ಬಿ ಅನ್ನುವುದೇ ಹೋಯಿತು.

ನನ್ನದು ಏಪ್ರಿಲ್‌ವರೆಗೆ 333ರಲ್ಲಿ ಓಡಿತು. ಬೇಸಿಗೆಯ ಒಂದು ಮಧ್ಯಾಹ್ನ ಬ್ಲೆಂಡ್ ಮತ್ತೆ ಕೆಂಪಾಯಿತು. 325ಕ್ಕೆ ಇಳಿಸಿದೆ. ಹೋದದ್ದು 72 ಮೆಗಾಹರ್ಟ್ಸ್. ಮಳೆಗಾಲ ಬಂದ ಮೇಲೆ ಮತ್ತೆ ಏರಿಸೋಣ ಅಂದುಕೊಂಡಿದ್ದೆ, ಏರಿಸಲೇ ಇಲ್ಲ.